ಹಳೆಯ ಪಿಕಪ್ಪಿಗೆ ಹೊಸ ಬಲ: ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ

ಕೊಯ್ಲು ಮುಗಿದು, ಕಾಫಿ ಕ್ಯೂರಿಂಗ್ ವರ್ಕ್ಸಿಗೂ ಅಡಿಕೆ ಮಂಡಿಗೂ ಹೋಗಿ ಸೇರಿದ ಮೇಲೆ ಮುಂಗಾರು ಹಿಡಿಯುವ ತನಕ ಸಿಗುವ ಬಿಡುವು ಮಲೆನಾಡಿನಲ್ಲಿ ವಾಹನ ದುರಸ್ತಿಯ ಕಾಲ. ಈ ಅವಧಿಯಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತಗಳ ವಿಚಾರದ ಜೊತೆಗೆ ಕೇಳುವ ಇನ್ನೊಂದು ಪ್ರಶ್ನೆ ತಮ್ಮ ಹಳೆಯ ಪಿಕಪ್ ಅಥವಾ ಜೀಪಿನದು. "ಚಾಸಿ ಗಟ್ಟಿಯಾಗಿದೆ, ಬಾಡಿ ಹೋಗಿಲ್ಲ, ಆದರೆ ಲೋಡು ಹಾಕಿದರೆ ಘಾಟಿಯಲ್ಲಿ ಎಳೆಯುವುದಿಲ್ಲ. ಟರ್ಬೊ ಕೂರಿಸಿದರೆ ಹೇಗೆ? ಎಂಜಿನ್ನನ್ನೇ ಬದಲಾಯಿಸಿದರೆ ಹೇಗೆ?" 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ಈ ಪ್ರಶ್ನೆ ಇನ್ನೂ ಹೆಚ್ಚಾಗಿದೆ. ಕೈಯಲ್ಲಿ ನಾಲ್ಕು ಕಾಸು ಇರುವಾಗ ಗಾಡಿಗೂ ಏನಾದರೂ ಮಾಡಿಸೋಣ ಎನಿಸುವುದು ಸಹಜವೇ.

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಯಾವ ಕ್ರಮದಲ್ಲಿ ಯೋಚಿಸಬೇಕು ಎಂಬುದಕ್ಕೆ ಉತ್ತರವಿದೆ. ಈ ಲೇಖನದಲ್ಲಿ ಡೀಸೆಲ್ ಎಂಜಿನ್ನಿನ, ಪಂಪು ಯಾಂತ್ರಿಕವಾಗಿರುವ, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲದ ಹಳೆಯ ಗಾಡಿಗಳನ್ನು ಮಾತ್ರ ಲಕ್ಷ್ಯದಲ್ಲಿಟ್ಟುಕೊಂಡಿದ್ದೇನೆ. ನಮ್ಮ ಭಾಗದ ತೋಟಗಳಲ್ಲಿ ಉಳಿದಿರುವ ಹಳೆಯ ಮಹೀಂದ್ರ ಜೀಪುಗಳು, ಪಿಕಪ್ಪುಗಳು ಬಹುಪಾಲು ಈ ಬಗೆಯವೇ.

ಎಷ್ಟು ಬಲ ಬೇಕು?

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಗಾಡಿಯ ಸ್ವಂತ ತೂಕ, 50 ಕಿಲೋದ 20 ಮೂಟೆ, ಚಾಲಕ ಮತ್ತು ಒಬ್ಬ ಸಹಾಯಕ, ಎಲ್ಲ ಸೇರಿ 2500 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ರಸ್ತೆ 12 ಅಡಿ ಹೋದರೆ 1 ಅಡಿ ಏರುತ್ತದೆ. ಆಗ ಏರಿನ ಕಾರಣದಿಂದ ಗಾಡಿಯನ್ನು ಹಿಂದಕ್ಕೆ ಎಳೆಯುವ ಭಾರ 2500ನ್ನು 12ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 208 ಕಿಲೋ. ಟೈರು ಉರುಳುವಾಗಿನ ತಡೆ ನಮ್ಮ ಹೊಂಡದ ರಸ್ತೆಗಳಲ್ಲಿ ನೂರು ಕಿಲೋಗೆ ಎರಡು ಕಿಲೋದಂತೆ ಇನ್ನು 50. ಒಟ್ಟು 258 ಕಿಲೋ.

75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಅದು ಒಂದು ಅಶ್ವಶಕ್ತಿ. ಗೇರುಪೆಟ್ಟಿಗೆ, ಡಿಫರೆನ್ಶಿಯಲ್‌ಗಳಲ್ಲಿ ನೂರಕ್ಕೆ 15ರಷ್ಟು ನಷ್ಟವಾಗುತ್ತದೆಂದು ಹಿಡಿದರೆ, ಈ ಏರಿನಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಎಂಜಿನ್ ಕೊಡಬೇಕಾದದ್ದು 22-23 ಅಶ್ವಶಕ್ತಿ, 30 ಕಿ.ಮೀ.ಗೆ 34, 40 ಕಿ.ಮೀ.ಗೆ 45.

ನಮ್ಮ ಹಳೆಯ ಡೀಸೆಲ್ ಗಾಡಿಗಳ ಎಂಜಿನ್ನುಗಳು ಹೊಸದಿದ್ದಾಗ 60ರಿಂದ 70 ಅಶ್ವಶಕ್ತಿಯವು. ಹಾಗಾದರೆ ಕೊರತೆ ಎಲ್ಲಿ? ಕೊರತೆಗೆ ಮೂರು ಕಾರಣಗಳಿವೆ. ಒಂದು, ನಾವಿರುವ ಎತ್ತರ. ಸಮುದ್ರ ಮಟ್ಟದಿಂದ ಸಾವಿರ ಮೀಟರಿನ ಮೇಲೆ ಗಾಳಿ ನೂರಕ್ಕೆ 9ರಷ್ಟು ತೆಳುವಾಗುತ್ತದೆ. ಚಿಕ್ಕಮಗಳೂರು, ಮಡಿಕೇರಿ ಎರಡೂ ಸಾವಿರ ಮೀಟರಿಗಿಂತ ಮೇಲಿವೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಅಷ್ಟು ಬಲವನ್ನು ಕಳೆದುಕೊಂಡೇ ಕೆಲಸ ಮಾಡುತ್ತದೆ. ಎರಡು, ಪುಸ್ತಕದಲ್ಲಿ ಬರೆದ ಅಶ್ವಶಕ್ತಿ ಎಂಜಿನ್ ಪೂರ್ಣ ವೇಗದಲ್ಲಿ ತಿರುಗುವಾಗಿನದು. ತಿರುವಿನಲ್ಲಿ ನಿಧಾನವಾಗಿ ಹತ್ತುವಾಗಿನದಲ್ಲ. ಮೂರು, ಎಂಜಿನ್ ಸವೆದಿದೆ. 63 ಅಶ್ವಶಕ್ತಿಯ ಎಂಜಿನ್ ಎತ್ತರದ ಕಾರಣದಿಂದ 57ಕ್ಕೆ ಇಳಿದು, ಸವೆತದಿಂದ ಅದರಲ್ಲಿ ಕಾಲು ಭಾಗ ಹೋದರೆ ಉಳಿಯುವುದು 43. ಮೇಲಿನ ಲೆಕ್ಕದ 45ಕ್ಕೆ ಅದು ಸಾಲದು.

ಈ ಮೂರರಲ್ಲಿ ಮೂರನೆಯದನ್ನು ಸರಿಪಡಿಸುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಿರಪಾಯ, ಕಾನೂನಿನ ತೊಡಕೂ ಇಲ್ಲದ್ದು. ಆದರೆ ಜನ ಮೊದಲು ಕೈ ಹಾಕುವುದು ಬೇರೆಯದಕ್ಕೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. 20 ಕಿ.ಮೀ. ಘಾಟಿಯನ್ನು 30ರ ವೇಗದಲ್ಲಿ ಹತ್ತಿದರೆ 40 ನಿಮಿಷ, 40ರ ವೇಗದಲ್ಲಿ ಹತ್ತಿದರೆ 30 ನಿಮಿಷ. ತಿರುವುಗಳಲ್ಲಿ ಹೇಗೂ ನಿಧಾನಿಸಲೇಬೇಕು. ಹಾಗಾಗಿ ಆ ಹತ್ತು ನಿಮಿಷವೂ ಪೂರ್ತಿ ಉಳಿಯುವುದಿಲ್ಲ. ಹಣ ಹಾಕುವುದು ಈ ಕೆಲವು ನಿಮಿಷಗಳಿಗೋ, ಅಥವಾ ಗಾಡಿ ಏರಿನ ಮಧ್ಯೆ ಬಿಸಿಯಾಗಿ ನಿಲ್ಲದೆ ಮನೆ ಸೇರಬೇಕೆಂಬುದಕ್ಕೋ ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಬಲ ಎಲ್ಲೆಲ್ಲಿ ಸೋರುತ್ತದೆ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಎಣ್ಣೆಯನ್ನು ತುಂತುರಾಗಿ ಹೊಡೆದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಬಲಕ್ಕೆ ಬೇಕಾದದ್ದು ನಾಲ್ಕೇ: ಸಾಕಷ್ಟು ಗಾಳಿ, ಸೋರದ ಒತ್ತಡ, ಸರಿಯಾದ ತುಂತುರು, ಸರಿಯಾದ ಸಮಯ. ಪರೀಕ್ಷೆಯನ್ನೂ ಇದೇ ಕ್ರಮದಲ್ಲಿ ಮಾಡಿಸಬೇಕು.

ಗಾಳಿ: ಜನವರಿಯಿಂದ ಏಪ್ರಿಲ್ ತನಕ ನಮ್ಮ ತೋಟದ ರಸ್ತೆಗಳ ಕೆಂಪು ಧೂಳು ಏರ್ ಕ್ಲೀನರಿಗೆ ದೊಡ್ಡ ಶತ್ರು. ಎಣ್ಣೆ ಬಟ್ಟಲಿನ ಕ್ಲೀನರ್ ಇದ್ದರೆ ಬಟ್ಟಲಿನ ಎಣ್ಣೆ ಕೆಸರಾಗಿದೆಯೇ ನೋಡಿ. ಕಾಗದದ ಫಿಲ್ಟರ್ ಇದ್ದರೆ ಬಡಿದು ಬಡಿದು ಮತ್ತೆ ಹಾಕದೆ ಬದಲಾಯಿಸಿ. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೆ ಧೂಳು ನೇರವಾಗಿ ಲೈನರಿಗೆ ಹೋಗುತ್ತದೆ. ಹೊಸ ಎಂಜಿನ್ನನ್ನೂ ಒಂದೇ ಬೇಸಗೆಯಲ್ಲಿ ಹಾಳು ಮಾಡಲು ಈ ಬಿರುಕು ಸಾಕು.

ಒತ್ತಡ: ನಾಝಲ್ ಬಿಚ್ಚಿದ ತೂತಿಗೆ ಮೀಟರ್ ಕೂರಿಸಿ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆಯಿಸಿ, ಕಾಗದದ ಮೇಲೆ ಬರೆಸಿಕೊಳ್ಳಿ. ತಯಾರಕರ ಪುಸ್ತಕದ ಅಂಕಿಯ ಜೊತೆ ಹೋಲಿಸಿ. ಒಂದು ಸಿಲಿಂಡರ್ ಮಾತ್ರ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು. ನಾಲ್ಕೂ ಸಮಾನವಾಗಿ ಇಳಿದಿದ್ದರೆ ರಿಂಗು, ಲೈನರ್ ಸವೆದಿದೆ ಎಂದರ್ಥ. ಎಂಜಿನ್ ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದ ಹಬೆಯಂತೆ ಹೊಗೆ ದಬದಬನೆ ಬರುವುದೂ ಇದರದೇ ಲಕ್ಷಣ.

ತುಂತುರು ಮತ್ತು ಸಮಯ: ನಾಝಲ್‌ಗಳನ್ನು ಪರೀಕ್ಷಿಸುವ ಕೈಪಂಪು ಪ್ರತಿ ತಾಲ್ಲೂಕು ಕೇಂದ್ರದ ಡೀಸೆಲ್ ಪಂಪ್ ಅಂಗಡಿಯಲ್ಲೂ ಇರುತ್ತದೆ. ಹನಿ ತೊಟ್ಟಿಕ್ಕುವ ನಾಝಲ್ ಎಣ್ಣೆಯನ್ನು ಸುಡುವುದಿಲ್ಲ, ಚೆಲ್ಲುತ್ತದೆ. ಪಂಪನ್ನು, ನಮ್ಮವರು ಈಗಲೂ ಕರೆಯುವ ಮೈಕೋ ಪಂಪನ್ನು, ಬೆಂಚಿನ ಮೇಲೆ ಕೂರಿಸಿ ಕ್ಯಾಲಿಬ್ರೇಷನ್ ಮಾಡಿಸಿದರೆ ನಾಲ್ಕೂ ಸಿಲಿಂಡರಿಗೆ ಸಮಪಾಲು ಎಣ್ಣೆ ಹೋಗುತ್ತದೆ. ಪಂಪನ್ನು ಮರಳಿ ಕೂರಿಸುವಾಗ ಟೈಮಿಂಗ್ ಗುರುತಿಗೆ ಸರಿಯಾಗಿ ಕೂರಿಸಬೇಕು. ವಾಲ್ವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಸರಿಪಡಿಸುವುದು ಒಂದು ಮುಂಜಾನೆಯ ಕೆಲಸ. ಅದನ್ನು ವರ್ಷಗಟ್ಟಲೆ ಮರೆತ ಗಾಡಿಗಳೇ ಹೆಚ್ಚು.

ಇವುಗಳ ಜೊತೆ ಎಂಜಿನ್ನಿಗೆ ಸಂಬಂಧವಿಲ್ಲದ ಸೋರಿಕೆಗಳೂ ಇವೆ. ಕ್ಲಚ್ ಜಾರುತ್ತಿರಬಹುದು: ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬ್ರೇಕು ಹಿಡಿದುಕೊಂಡಿರಬಹುದು: ಬ್ರೇಕು ಹೆಚ್ಚು ಬಳಸದೆ ಹತ್ತು ಕಿ.ಮೀ. ಓಡಿಸಿ ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ. ಒಂದೇ ಒಂದು ಬಿಸಿಯಿದ್ದರೆ ಅಲ್ಲಿ ಸಿಕ್ಕಿಹಾಕಿಕೊಂಡಿದೆ. ಟೈರಿನ ಗಾಳಿ ಕಡಿಮೆಯಿರಬಹುದು. ಈ ಮೂರು ದೋಷಗಳಿಗೂ ಟರ್ಬೊ ಮದ್ದಲ್ಲ.

ಹೊಗೆಯ ಬಣ್ಣ ನೋಡಿಯೂ ಬಹಳಷ್ಟು ತಿಳಿಯಬಹುದು. ಏರಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಎಣ್ಣೆ ಹೆಚ್ಚು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಣ್ಣೆ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಅಥವಾ ಹೆಡ್ಡಿನಿಂದ ನೀರು ಒಳಗೆ ಇಳಿಯುತ್ತಿದೆ.

ಪಂಪಿನ ತಿರುಪು ಎಂಬ ಸುಲಭೋಪಾಯ

ಮೆಕ್ಯಾನಿಕ್ ಒಬ್ಬ ಪಂಪಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿ "ಈಗ ನೋಡಿ ಸಾರ್ ಎಳೆತ" ಎನ್ನುವುದು ಎಲ್ಲರೂ ಕಂಡ ವಿಷಯ. ಎಳೆತ ಬರುವುದು ನಿಜ. ಅದು ಎಲ್ಲಿಂದ ಬಂತು ಎಂಬುದನ್ನು ಮಾತ್ರ ತಿಳಿದಿರಬೇಕು.

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಆದರೆ ಸಿಲಿಂಡರಿನೊಳಗೆ ಗಾಳಿ ಮತ್ತು ಎಣ್ಣೆ ಬೆರೆಯಲು ಸಿಗುವ ಸಮಯ ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ. ಆದುದರಿಂದ ಹೊಗೆಯಿಲ್ಲದೆ ಉರಿಯಬೇಕಾದರೆ 18-20 ಕಿಲೋವಾದರೂ ಗಾಳಿ ಬೇಕಾಗುತ್ತದೆ. ತಯಾರಕರು ತಿರುಪನ್ನು ಸೀಲು ಮಾಡಿ ಕಳಿಸುವುದು ಈ ಅಂತರವನ್ನು ಕಾಪಾಡಲಿಕ್ಕೆ. ತಿರುಪು ತಿರುಗಿಸಿದರೆ ಎಣ್ಣೆ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. ಸ್ವಲ್ಪ ಬಲ ಬರುತ್ತದೆ. ಉಳಿದದ್ದು ಮಸಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಹೊರಹೋಗುವ ಹೊಗೆಯ ಶಾಖ ಏರುತ್ತದೆ. ಉರಿಯದ ಎಣ್ಣೆ ಲೈನರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಪಿಸ್ಟನ್ನಿನ ತಲೆ ಸುಡುವುದು ಲೋಡು ಹಾಕಿಕೊಂಡು ಉದ್ದದ ಏರು ಹತ್ತುವಾಗ, ಅಂದರೆ ನಮಗೆ ಬಲ ಬೇಕೇ ಬೇಕಾದ ಜಾಗದಲ್ಲಿ.

ಹೊಗೆ ತಪಾಸಣೆಯಲ್ಲೂ ಇದು ಸಿಕ್ಕಿಬೀಳುತ್ತದೆ. ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಹೊಗೆಯ ಮಿತಿ 65 ಹಾರ್ಟ್ರಿಜ್. ಸ್ಟೇಜ್-4ರ ವಾಹನಗಳಿಗೆ 50. ತಪಾಸಣೆಗೆ ಹೋಗುವಾಗ ತಿರುಪು ಇಳಿಸಿ, ಬಂದ ಮೇಲೆ ಏರಿಸುವ ಚಾಳಿಯಿಂದ ಕಾಗದ ಸಿಗಬಹುದು, ಪಿಸ್ಟನ್ ಉಳಿಯುವುದಿಲ್ಲ.

ಇದೇ ಸಾಲಿಗೆ ಸೇರುವ ಇತರ ಅಗ್ಗದ ಉಪಾಯಗಳ ಬಗ್ಗೆ ಎರಡು ಮಾತು ಸಾಕು. ಸೈಲೆನ್ಸರ್ ಬದಲಾಯಿಸಿದರೆ ಟರ್ಬೊ ಇಲ್ಲದ ಈ ಎಂಜಿನ್ನುಗಳಲ್ಲಿ ಸದ್ದು ಹೆಚ್ಚುತ್ತದೆ, ಬಲ ಹೆಚ್ಚುವುದು ಅತ್ಯಲ್ಪ. ಗಾಳಿ ಸಲೀಸಾಗಿ ಹೋಗುತ್ತದೆಂದು ಮಾರುವ ಜಾಳು ಫಿಲ್ಟರಿನಲ್ಲಿ ಧೂಳೂ ಸಲೀಸಾಗಿ ಹೋಗುತ್ತದೆ. ಯಾಂತ್ರಿಕ ಪಂಪಿನ ಎಂಜಿನ್ನಿಗೆ "ಚಿಪ್" ಎಂಬುದು ಅನ್ವಯಿಸುವುದೇ ಇಲ್ಲ.

ಟರ್ಬೊ ಕೂರಿಸುವುದು

ಟರ್ಬೊ ಎಂಬುದು ಹೊಸ ಕಲ್ಪನೆಯಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹೊರಹೋಗುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ಕಂಬಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದುದರಿಂದ ಎಣ್ಣೆಯನ್ನೂ ಹೆಚ್ಚಿಸಬಹುದು, ಹೊಗೆಯಿಲ್ಲದೆ ಬಲ ಹೆಚ್ಚುತ್ತದೆ. ನಮ್ಮ ಎತ್ತರದಲ್ಲಿ ಗಾಳಿ ತೆಳುವಾಗಿರುವ ಕೊರತೆಯೂ ನೀಗುತ್ತದೆ. ತತ್ತ್ವದಲ್ಲಿ ಘಾಟಿಯ ಗಾಡಿಗೆ ಇದಕ್ಕಿಂತ ಸೂಕ್ತವಾದುದಿಲ್ಲ.

ಹಾಗಾದರೆ ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ತಂದು ಕೂರಿಸಲು ಏಕೆ ಅನುಮಾನಿಸಬೇಕು? ಏಕೆಂದರೆ ಕಾರ್ಖಾನೆಯಲ್ಲೇ ಟರ್ಬೊ ಜೊತೆ ಬಂದ ಎಂಜಿನ್ನೂ, ಆಮೇಲೆ ಟರ್ಬೊ ಕೂರಿಸಿದ ಎಂಜಿನ್ನೂ ನೋಡಲು ಒಂದೇ ಇದ್ದರೂ ಒಳಗೆ ಒಂದೇ ಅಲ್ಲ. ಹೊರಗಿನ ಗಾಳಿಯ ಒತ್ತಡದ ಮೇಲೆ ಅದರ ಅರ್ಧದಷ್ಟನ್ನು ಟರ್ಬೊ ಸೇರಿಸಿತೆನ್ನಿ. ಆಗ ಸಿಲಿಂಡರಿನೊಳಗಿನ ಕಂಪ್ರೆಶನ್ ಒತ್ತಡವೂ ಒಂದೂವರೆ ಪಟ್ಟಾಗುತ್ತದೆ. ಅದನ್ನು ಹೊರಬೇಕಾದದ್ದು ಹೆಡ್ ಗ್ಯಾಸ್ಕೆಟ್, ಹೆಡ್ಡಿನ ಸ್ಟಡ್ಡುಗಳು, ಬಿಗ್ ಎಂಡ್ ಬೇರಿಂಗು, ಪಿಸ್ಟನ್. ಟರ್ಬೊ ಎಂಜಿನ್ನಿಗೆಂದೇ ಮಾಡಿದ ಪಿಸ್ಟನ್ನಿನಲ್ಲಿ ಮೇಲಿನ ರಿಂಗು ಕೂರುವ ಕಾಲುವೆಗೆ ಗಟ್ಟಿ ಲೋಹದ ಒಳಪಟ್ಟಿ ಇರುವುದುಂಟು. ಕೆಳಗಿನಿಂದ ಪಿಸ್ಟನ್ನಿಗೆ ಆಯಿಲ್ ಚಿಮ್ಮಿಸಿ ತಣಿಸುವ ವ್ಯವಸ್ಥೆಯೂ ಇರುವುದುಂಟು. ಹಳೆಯ ಎಂಜಿನ್ನಿನಲ್ಲಿ ಇವು ಇಲ್ಲದಿದ್ದರೆ ಟರ್ಬೊ ಕೊಟ್ಟ ಬಲವನ್ನು ಪಿಸ್ಟನ್ ತೀರಿಸಬೇಕಾಗುತ್ತದೆ.

ಇದರ ಮೇಲೂ ಕೂರಿಸಲೇಬೇಕೆಂದಿರುವವರು ಈ ವಿಷಯಗಳನ್ನು ಗ್ಯಾರೇಜಿನವರ ಹತ್ತಿರ ಮೊದಲೇ ಖಚಿತಪಡಿಸಿಕೊಳ್ಳಬೇಕು:

1. ಕಂಪ್ರೆಶನ್ ಅಳತೆ ಸರಿಯಿರುವ ಎಂಜಿನ್ನಿಗೆ ಮಾತ್ರ ಟರ್ಬೊ. ಸವೆದ ಎಂಜಿನ್ನಿಗೆ ಟರ್ಬೊ ಹಾಕುವುದು ಮುದಿ ಎತ್ತಿಗೆ ಹೊಸ ನೊಗ ಹೂಡಿದಂತೆ.

2. ಟರ್ಬೊ ಎಂಜಿನ್ನಿನ ಅಳತೆಗೆ ಹೊಂದುವಂತಿರಬೇಕು. ದೊಡ್ಡದಾದರೆ ಕಡಿಮೆ ವೇಗದಲ್ಲಿ, ತಿರುವಿನಿಂದ ಮೇಲೇಳುವಾಗ, ಗಾಳಿ ತುಂಬುವುದೇ ಇಲ್ಲ. ಚಿಕ್ಕದಾದರೆ ಹೆಚ್ಚು ವೇಗದಲ್ಲಿ ಹೊಗೆಗೆ ದಾರಿ ಕಟ್ಟುತ್ತದೆ. ಯಾವುದೋ ಗುಜರಿಯಿಂದ ಬಂದ ಟರ್ಬೊ ಬೇಡ.

3. ಟರ್ಬೊ ಕಂಬಿ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅದನ್ನು ಹೊತ್ತಿರುವುದು ಎಂಜಿನ್ ಆಯಿಲಿನ ತೆಳು ಪದರ ಮಾತ್ರ. ಆಯಿಲ್ ಬರುವ ಕೊಳವೆ, ವಿಶೇಷವಾಗಿ ಮರಳಿ ಇಳಿಯುವ ಕೊಳವೆ, ಅಗಲವಾಗಿ, ಎಲ್ಲೂ ಮೇಲೇರದೆ ನೇರವಾಗಿ ಇಳಿಯುವಂತಿರಬೇಕು. ಟರ್ಬೊ ಎಂಜಿನ್ನಿಗೆ ತಕ್ಕ ದರ್ಜೆಯ ಆಯಿಲನ್ನೇ ಬಳಸಿ, ಬದಲಾಯಿಸುವ ಅವಧಿಯನ್ನು ಕಡಿಮೆ ಮಾಡಬೇಕು.

4. ಹೊರಹೋಗುವ ಹೊಗೆಯ ಶಾಖ ತೋರಿಸುವ ಮೀಟರ್ ಕಡ್ಡಾಯ. ಟರ್ಬೊ ಮುಂಚಿನ ಶಾಖ ಬಹುಕಾಲ 700 ಡಿಗ್ರಿ ಮೀರಿ ನಿಂತರೆ ಪಿಸ್ಟನ್ನಿಗೆ ಅಪಾಯ. ಈ ಮೀಟರ್ ಬೇಡವೆನ್ನುವ ಗ್ಯಾರೇಜಿನಲ್ಲಿ ಟರ್ಬೊ ಕೆಲಸವನ್ನೂ ಮಾಡಿಸಬೇಡಿ.

5. ಏರು ಹತ್ತಿ ಬಂದ ಕೂಡಲೇ ಎಂಜಿನ್ ಆರಿಸಬಾರದು. ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಟರ್ಬೊ ತಣಿದ ಮೇಲೆ ಆರಿಸಬೇಕು. ಗಾಡಿ ಓಡಿಸುವ ಚಾಲಕನಿಗೂ ಇದನ್ನು ತಿಳಿಸಿ ಅಭ್ಯಾಸ ಮಾಡಿಸಬೇಕು.

ಎಂಜಿನ್ನನ್ನೇ ಬದಲಾಯಿಸುವುದು

ಎಂಜಿನ್ ಬಿಚ್ಚಿ ಲೈನರ್, ಪಿಸ್ಟನ್, ಬೇರಿಂಗು ಹಾಕಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸುವ ಖರ್ಚಿನ ಅಂದಾಜು ಬಂದಾಗ "ಇಷ್ಟಕ್ಕೆ ಬೇರೆ ಎಂಜಿನ್ನೇ ಬರುತ್ತದಲ್ಲ" ಎಂಬ ಆಲೋಚನೆ ಬರುತ್ತದೆ. ಆಗ ಅಶ್ವಶಕ್ತಿಯ ಅಂಕಿಯನ್ನೇ ನೋಡಿ ಆರಿಸುವುದು ಸರಿಯಲ್ಲ. ಘಾಟಿಗೆ ಬೇಕಾದದ್ದು ಕಡಿಮೆ ಸುತ್ತಿನಲ್ಲಿ ಸಿಗುವ ತಿರುಗುಬಲ, ಅಂದರೆ ಮೆಕ್ಯಾನಿಕರು ಟಾರ್ಕ್ ಎನ್ನುವುದು.

ಮಹೀಂದ್ರದ್ದೇ ಎರಡು ಎಂಜಿನ್ನುಗಳನ್ನು ಹೋಲಿಸಿ ನೋಡಿ. ಪ್ಯೂಜೊ ಮೂಲದ 2498 ಸಿ.ಸಿ. ಎಕ್ಸ್‌ಡಿ3ಪಿ ಎಂಜಿನ್ನಿನ ಬಲ ಎಪ್ಪತ್ತು ಅಶ್ವಶಕ್ತಿಗೂ ಸ್ವಲ್ಪ ಮೇಲೆ. ತಿರುಗುಬಲ 150 ನ್ಯೂಟನ್-ಮೀಟರಿನ ಆಸುಪಾಸು. ಟ್ರಾಕ್ಟರ್ ವಂಶದ 2523 ಸಿ.ಸಿ. ಡಿ.ಐ. ಎಂಜಿನ್ ಟರ್ಬೊ ಸಹಿತ ಬಂದಾಗ ಅದರ ಬಲ ಸುಮಾರು 63 ಅಶ್ವಶಕ್ತಿ. ತಿರುಗುಬಲ ಸುಮಾರು 180, ಅದೂ ನಿಮಿಷಕ್ಕೆ 1500 ಸುತ್ತಿನ ಆಸುಪಾಸಿನಲ್ಲೇ. ಆ 1500 ಸುತ್ತಿನಲ್ಲಿ ಎರಡನೆಯದು ಕೊಡುವುದು 38 ಅಶ್ವಶಕ್ತಿ. ಮೊದಲನೆಯದು ತನ್ನ ಪೂರ್ಣ 150ನ್ನು ಅಲ್ಲೇ ಕೊಟ್ಟರೂ 32ನ್ನು ದಾಟುವುದಿಲ್ಲ. ಕಾಗದದ ಮೇಲೆ ಕಡಿಮೆ ಅಶ್ವಶಕ್ತಿಯ ಎಂಜಿನ್ ಘಾಟಿಯಲ್ಲಿ ಹೆಚ್ಚು ಎಳೆಯುವ ಗುಟ್ಟು ಇದೇ. ಮೊದಲನೆಯದು ಬಯಲು ರಸ್ತೆಯಲ್ಲಿ ಸರಾಗವಾಗಿ ಓಡುತ್ತದೆ, ಸದ್ದೂ ಕಡಿಮೆ. ಯಾರ ದಾರಿ ಯಾವುದು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಎಂಜಿನ್ ಬದಲಾದರೆ ಅದಕ್ಕೆ ಸೇರಿದವೂ ಬದಲಾಗಬೇಕು. ತೂಕ ಹೆಚ್ಚಿದರೆ ಮುಂದಿನ ಪ್ಲೇಟುಗಳು, ಮೌಂಟಿಂಗುಗಳು. ತಿರುಗುಬಲ ಹೆಚ್ಚಿದರೆ ಕ್ಲಚ್, ಗೇರುಪೆಟ್ಟಿಗೆ, ಜಾಯಿಂಟುಗಳು. ಹಳೆಯ ಗೇರುಪೆಟ್ಟಿಗೆಗೆ ಹೊಸ ಎಂಜಿನ್ ಜೋಡಿಸಲು ಲೇತಿನಲ್ಲಿ ಮಾಡಿಸುವ ನಡುವಣ ತಟ್ಟೆ ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ ಬೇರಿಂಗು ಮತ್ತೆ ಮತ್ತೆ ಹೋಗುತ್ತದೆ.

ಕ್ರೌನ್-ಪಿನಿಯನ್ ಮತ್ತು ಟೈರು

ಎಂಜಿನ್ ಮುಟ್ಟದೆಯೇ ಎಳೆತ ಹೆಚ್ಚಿಸುವ, ಅಥವಾ ಅರಿಯದೆ ಕಡಿಮೆ ಮಾಡುವ ಜಾಗವೊಂದಿದೆ. ಹಳೆಯ ಸಿ.ಜೆ.-3ಬಿ ಜೀಪಿನ ಕ್ರೌನ್-ಪಿನಿಯನ್ ಅನುಪಾತ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಬೇಕು. ವೇಗ ಬರಲೆಂದು ಇದನ್ನು 4.27ಕ್ಕೆ ಬದಲಾಯಿಸಿದರೆ ಪ್ರತಿ ಗೇರಿನಲ್ಲೂ ಎಳೆತ ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಆ ನಷ್ಟವನ್ನು ಟರ್ಬೊ ತುಂಬಿಕೊಡಬೇಕು. ಹಾಗಾದರೆ ಎರಡಕ್ಕೂ ಹಣ ಹಾಕಿ ಘಾಟಿಯಲ್ಲಿ ಗಳಿಸಿದ್ದೇನು?

ದೊಡ್ಡ ಟೈರಿನ ಪರಿಣಾಮವೂ ಇದೇ. ಟೈರಿನ ಎತ್ತರ ನೂರಕ್ಕೆ ಹತ್ತು ಹೆಚ್ಚಿದರೆ ಎಳೆತ ಸುಮಾರು ಅಷ್ಟೇ ಕಡಿಮೆಯಾಗುತ್ತದೆ, ಬ್ರೇಕಿನ ಹಿಡಿತವೂ ಅಷ್ಟೇ ಸಡಿಲವಾಗುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ದೊಡ್ಡ ಟೈರು ಹಾಕಿಸಿದ ಮೇಲೆ ಗಾಡಿ ಎಳೆಯುವುದಿಲ್ಲ ಎನ್ನುವವರು ಮೊದಲು ಕಂಪನಿಯ ಅಳತೆಯ ಟೈರಿಗೆ ಮರಳಬೇಕು.

ತಣಿಸುವುದು ಮತ್ತು ತಡೆಯುವುದು

ಹೆಚ್ಚು ಬಲವೆಂದರೆ ಹೆಚ್ಚು ಶಾಖ. ರೇಡಿಯೇಟರಿನ ಕೊಳವೆಗಳಲ್ಲಿ ಪಾಚಿ, ಸುಣ್ಣ ಕಟ್ಟಿದ್ದರೆ, ಹೊರಗಿನ ಸಂದುಗಳಲ್ಲಿ ಹುಳು, ಧೂಳು ತುಂಬಿದ್ದರೆ ಮೊದಲು ಅದನ್ನು ಬಿಡಿಸಿ. ಫ್ಯಾನಿನ ಸುತ್ತಲಿನ ತಗಡು ಬಿಚ್ಚಿ ಎಸೆದಿದ್ದರೆ ಮರಳಿ ಹಾಕಿಸಿ. ಏರಿನಲ್ಲಿ ನಿಧಾನವಾಗಿ ಹೋಗುವಾಗ ರೇಡಿಯೇಟರಿಗೆ ಗಾಳಿ ಸಿಗುವುದು ಅದರಿಂದ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತುಹಾಕುವುದು ನಮ್ಮಲ್ಲಿ ವ್ಯಾಪಕವಾಗಿದೆ. ಇದು ತಪ್ಪು. ಮಂಜಿನ ಬೆಳಗಿನಲ್ಲಿ ಎಂಜಿನ್ ಬಹುಹೊತ್ತು ತಣ್ಣಗೇ ಓಡಿ, ಲೈನರ್ ಬೇಗ ಸವೆದು, ಎಣ್ಣೆಯೂ ಹೆಚ್ಚು ಕುಡಿಯುತ್ತದೆ.

ಬ್ರೇಕಿನ ವಿಷಯ ಇದಕ್ಕಿಂತ ಗಂಭೀರ. 2500 ಕಿಲೋ ಗಾಡಿ 700 ಮೀಟರ್ ಎತ್ತರದಿಂದ ಇಳಿದಾಗ ಹೊರಬೀಳುವ ಶಕ್ತಿಯನ್ನು ಶಾಖವಾಗಿ ಲೆಕ್ಕ ಹಾಕಿದರೆ ನಮ್ಮ ಬಚ್ಚಲ ಹಂಡೆಯಲ್ಲಿ 50 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಟೈರು ಮತ್ತು ಗಾಳಿ ಅದರಲ್ಲೊಂದು ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ಡ್ರಮ್ಮುಗಳು ನುಂಗಬೇಕು. ಡ್ರಮ್ಮು ಕಾದಷ್ಟೂ ಲೈನಿಂಗಿನ ಹಿಡಿತ ಇಳಿಯುತ್ತದೆ. ಬ್ರೇಕ್ ಆಯಿಲಿನಲ್ಲಿ ಹಳೆಯ ತೇವಾಂಶವಿದ್ದರೆ ಅದು ಕುದಿದು ಪೆಡಲ್ ಏಕಾಏಕಿ ನೆಲಕ್ಕೆ ಹೋಗುತ್ತದೆ.

ಟರ್ಬೊ ಕೂರಿಸಿದ ಗಾಡಿ ಏರನ್ನು ಬೇಗ ಹತ್ತಿದಂತೆ ಇಳಿಜಾರಿನಲ್ಲೂ ಚಾಲಕ ಹಳೆಯ ವೇಗಕ್ಕೆ ಒಗ್ಗುವುದಿಲ್ಲ. ಲೋಡು ಕೂಡ "ಎಳೆಯುತ್ತದಲ್ಲ" ಎಂದು 20 ಮೂಟೆಯಿಂದ 25ಕ್ಕೆ ಏರುತ್ತದೆ. ಬ್ರೇಕು ಮಾತ್ರ ಹಳೆಯದೇ ಉಳಿಯುತ್ತದೆ. ಶಿರಾಡಿ, ಚಾರ್ಮಾಡಿಗಳಲ್ಲಿ ಮೂಟೆ ಹೇರಿಕೊಂಡು ಇಳಿಯುವ ಗಾಡಿಗೆ ಎಂಜಿನ್ ಕೆಲಸಕ್ಕಿಂತ ಮೊದಲು ವೀಲ್ ಸಿಲಿಂಡರ್, ಲೈನಿಂಗು, ಹೊಸ ಬ್ರೇಕ್ ಆಯಿಲ್, ಹೋಸುಗಳನ್ನು ಮಾಡಿಸಬೇಕು. ಗಾಡಿಯಲ್ಲಿ ಕೂತು ಬರುವವರು ನಮ್ಮ ಮನೆಯವರು, ನಮ್ಮ ಹುಡುಗರು. ಇದರಲ್ಲಿ ಉಳಿತಾಯ ಮಾಡುವುದು ಉಳಿತಾಯವಲ್ಲ.

ಕಾನೂನು ಏನು ಹೇಳುತ್ತದೆ?

ನೋಂದಣಿ ಪತ್ರದಲ್ಲಿ ಎಂಜಿನ್ ನಂಬರು, ಸಿ.ಸಿ., ಇಂಧನ ಎಲ್ಲವೂ ನಮೂದಾಗಿರುತ್ತವೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ಈ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕೆ ಭಿನ್ನವಾಗುವಂತೆ ಮಾಲಿಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182-ಎ ಕಲಮಿನಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ವಿಧಿಸಬಹುದು.

ಇದರ ಅರ್ಥ ದುರಸ್ತಿ ಮಾಡಿಸಬಾರದೆಂದಲ್ಲ. ಮೂಲ ಅಳತೆಯ ಲೈನರ್, ಪಿಸ್ಟನ್, ನಾಝಲ್ ಹಾಕಿಸುವುದು, ಪಂಪ್ ಕ್ಯಾಲಿಬ್ರೇಷನ್, ರೇಡಿಯೇಟರ್, ಬ್ರೇಕಿನ ಕೆಲಸ, ಇವು ಯಾವುವೂ ಮಾರ್ಪಾಡಲ್ಲ. ಎಂಜಿನ್ ಬದಲಾವಣೆ ಮಾತ್ರ, ಅದೇ ತಯಾರಕರ ಅದೇ ಮಾದರಿಯದಾದರೂ, ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು, ಹೊಸ ನಂಬರನ್ನು ಪತ್ರದಲ್ಲಿ ಬರೆಸಿಕೊಂಡೇ ಆಗಬೇಕು. ಎಂಜಿನ್ ಕೊಂಡ ಬಿಲ್ಲು, ಅದು ಬಂದ ಹಳೆಯ ವಾಹನದ ಕಾಗದ ಕೈಯಲ್ಲಿರಲಿ. ಬೇರೆ ಮಾದರಿಯ ಎಂಜಿನ್ನಿಗೂ, ಹೊರಗಿನ ಟರ್ಬೊಗೂ ಒಪ್ಪಿಗೆ ಸಿಕ್ಕೀತೇ ಎಂಬುದನ್ನು ಹಣ ಕೊಡುವ ಮೊದಲೇ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಮೆಕ್ಯಾನಿಕರ ಬಾಯಿಮಾತು ಇಲ್ಲಿ ನಡೆಯದು.

ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಸರಕು ವಾಹನಕ್ಕೆ ಎಂಟು ವರ್ಷದ ನಂತರ ಪ್ರತಿ ವರ್ಷ ಎಫ್.ಸಿ. ಆಗಬೇಕು. ಪತ್ರಕ್ಕೂ ಗಾಡಿಗೂ ತಾಳೆಯಾಗದಿದ್ದರೆ ಅಲ್ಲಿ ತಡೆ ಬೀಳುತ್ತದೆ. ಇನ್ನೂ ದೊಡ್ಡ ತೊಂದರೆ ವಿಮೆಯದು. ಅಪಘಾತವಾದಾಗ ಸರ್ವೇಯರ್ ಎಂಜಿನ್ ನಂಬರನ್ನೇ ಮೊದಲು ನೋಡುತ್ತಾನೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಪರಿಹಾರ ನಿರಾಕರಿಸಲು ಅವರಿಗೆ ಕೈಗೆ ಕೊಟ್ಟ ಕಾರಣವಾಗುತ್ತದೆ.

ಯಾವ ಕ್ರಮದಲ್ಲಿ ಖರ್ಚು ಮಾಡಬೇಕು?

ಮೇಲಿನದನ್ನೆಲ್ಲ ಒಟ್ಟುಗೂಡಿಸಿ ಸದಸ್ಯರ ಅನುಕೂಲಕ್ಕಾಗಿ ಕ್ರಮವಾಗಿ ಕೊಡುತ್ತೇನೆ:

1. ಬ್ರೇಕು, ಸ್ಟೀರಿಂಗು, ಟೈರು.

2. ಏರ್ ಕ್ಲೀನರ್, ಡೀಸೆಲ್ ಫಿಲ್ಟರ್, ವಾಲ್ವ್ ಸಂದು, ಕ್ಲಚ್ ಪರೀಕ್ಷೆ.

3. ರೇಡಿಯೇಟರ್, ಥರ್ಮೋಸ್ಟಾಟ್, ಫ್ಯಾನಿನ ತಗಡು.

4. ಕಂಪ್ರೆಶನ್ ಪರೀಕ್ಷೆ, ನಾಝಲ್ ಮತ್ತು ಪಂಪ್ ಕ್ಯಾಲಿಬ್ರೇಷನ್, ಟೈಮಿಂಗ್.

5. ಇಷ್ಟರ ನಂತರವೂ ಕಂಪ್ರೆಶನ್ ಕಡಿಮೆಯಿದ್ದರೆ ಎಂಜಿನ್ ಬಿಚ್ಚಿ ಮೂಲ ಅಳತೆಗೆ ತರುವುದು.

6. ಚಾಸಿ ನಿಜಕ್ಕೂ ಗಟ್ಟಿಯಿದ್ದು ಎಂಜಿನ್ ದುರಸ್ತಿಗೆ ಮೀರಿದ್ದರೆ ಅದೇ ತಯಾರಕರ ಅದೇ ಮಾದರಿಯ ಎಂಜಿನ್, ಕಚೇರಿಯ ಒಪ್ಪಿಗೆಯೊಂದಿಗೆ.

7. ಹೊರಗಿನ ಟರ್ಬೊ, ಬೇರೆ ಮಾದರಿಯ ಎಂಜಿನ್: ಎಲ್ಲಕ್ಕಿಂತ ಕೊನೆಗೆ, ಬರವಣಿಗೆಯ ಒಪ್ಪಿಗೆ ಸಿಕ್ಕರೆ ಮಾತ್ರ.

ಒಂದರಿಂದ ನಾಲ್ಕರವರೆಗಿನ ಕೆಲಸ ಮಾಡಿಸಿದ ಮೇಲೆ ಅದೇ ಲೋಡು, ಅದೇ ದಾರಿ, ಅದೇ ಗೇರಿನಲ್ಲಿ ಓಡಿಸಿ ನೋಡಿ. ಟ್ಯಾಂಕು ತುಂಬಿಸಿ, ಮತ್ತೆ ತುಂಬಿಸುವ ತನಕ ಎಷ್ಟು ಕಿ.ಮೀ. ಓಡಿತೆಂದು ಬರೆದಿಡಿ. ಬಹುಪಾಲು ಗಾಡಿಗಳಲ್ಲಿ ಮುಂದಿನ ಹೆಜ್ಜೆಯ ಅಗತ್ಯವೇ ಬೀಳುವುದಿಲ್ಲ. ಆರನೆಯ, ಏಳನೆಯ ಹೆಜ್ಜೆಯ ಒಟ್ಟು ಖರ್ಚಿನ ಅಂದಾಜನ್ನು, ಕ್ಲಚ್, ಗೇರು, ರೇಡಿಯೇಟರ್, ಕಾಗದ ಎಲ್ಲವನ್ನೂ ಸೇರಿಸಿ ಬರೆಸಿಕೊಂಡು, ಕಾರ್ಖಾನೆಯಿಂದಲೇ ಟರ್ಬೊ ಸಹಿತ ಬಂದ, ಕೆಲವು ವರ್ಷ ಹಳೆಯ ಪಿಕಪ್ಪಿನ ಬೆಲೆಯ ಜೊತೆ ಹೋಲಿಸಿ. ಎರಡೂ ಹತ್ತಿರವಿದ್ದರೆ ಹಳೆಯ ಗಾಡಿಯನ್ನು ತೋಟದೊಳಗಿನ ಓಡಾಟಕ್ಕೆ ಇಟ್ಟುಕೊಂಡು ಘಾಟಿಗೆ ಇನ್ನೊಂದನ್ನು ಕೊಳ್ಳುವುದೇ ಲೇಸು.

ಗ್ಯಾರೇಜಿನವರು ಬರೆದುಕೊಟ್ಟ ಅಂದಾಜು ಪಟ್ಟಿಯನ್ನು ಸಂಘದ ಕಚೇರಿಗೆ ತಂದರೆ ಒಟ್ಟಿಗೆ ಕೂತು ನೋಡಲು ಅಡ್ಡಿಯಿಲ್ಲ. ಕಂಪ್ರೆಶನ್ ಅಳತೆಯ ಚೀಟಿಯನ್ನು ಮಾತ್ರ ಮರೆಯದೆ ತನ್ನಿ. ಅದಿಲ್ಲದೆ ಎಂಜಿನ್ನಿನ ವಿಷಯ ಮಾತಾಡುವುದು ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರದ ಪ್ರಮಾಣ ಕೇಳಿದಂತೆ.

ಕಾರ್ಯದರ್ಶಿ